ಸಂಗೀತ ಚಿಕಿತ್ಸೆಗೆ ಚಿತ್ರದ ಕಾರ್ಡು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ನಮ್ಮ ವಿಶೇಷ ಶಾಲೆಯಲ್ಲಿ ಮಾತು ಬಾರದ ಆರು ವರ್ಷದ ಹುಡುಗನಿದ್ದಾನೆ. ವಾರಕ್ಕೆರಡು ಸಲ ಅರ್ಧ ಗಂಟೆ ಸಂಗೀತ ಚಿಕಿತ್ಸೆ ನಡೆಯುತ್ತದೆ. ಅವನು ಬೇಕು ಬೇಡ ತಿಳಿಸಲು ಚಿತ್ರದ ಕಾರ್ಡು ಮಾಡಿಕೊಡಿ ಎಂದು ಚಿಕಿತ್ಸಕರು ಹೇಳಿದ್ದಾರೆ. ಎಷ್ಟು ಕಾರ್ಡು, ಯಾವ ಅಳತೆ, ಎಲ್ಲಿಂದ ಶುರು ಮಾಡಲಿ? (ಶಿಕ್ಷಕಿ, ಸಿರುಗುಪ್ಪ)

ಉತ್ತರ: ‘ಸಾಕು’ ಎಂಬ ಕಾರ್ಡಿನಿಂದ ಶುರು ಮಾಡಿ. ಡೋಲಕ್, ತಾಳ, ಹಾರ್ಮೋನಿಯಂ ಎಂದು ವಾದ್ಯಗಳ ಕಾರ್ಡು ಎಷ್ಟಿದ್ದರೂ, ನಿಲ್ಲಿಸಿ ಎನ್ನುವ ದಾರಿ ಇಲ್ಲದಿದ್ದರೆ ಸದ್ದು ಹೆಚ್ಚಾದಾಗ ಮಗು ಕಿವಿ ಮುಚ್ಚಿಕೊಳ್ಳುತ್ತದೆ, ಚೀರುತ್ತದೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತದೆ. ಅದನ್ನು ಹಟ ಅಂದುಕೊಳ್ಳುವುದು ನಮ್ಮ ತಪ್ಪು. ‘ಸಾಕು’ ನಿಮ್ಮ ಕೈಗೆ ಬಂದ ಕ್ಷಣವೇ ವಾದ್ಯ ನಿಲ್ಲಬೇಕು, ಹಾಡಿನ ಸಾಲಿನ ನಡುವೆ ಇದ್ದರೂ ಸರಿ. ಒಂದೆರಡು ಸಲ ನಿಲ್ಲಿಸದೆ ಹೋದರೆ ಆ ಕಾರ್ಡಿನ ಬೆಲೆ ಹೋಯಿತು.

ಮೊದಲ ತಿಂಗಳಿಗೆ ಆರು ಸಾಕು: ‘ಸಾಕು’, ‘ಇನ್ನೂ ಬೇಕು’, ‘ಶುರುವಿನ ಹಾಡು’, ‘ಮುಗಿಯಿತು’, ಜೊತೆಗೆ ಅವನಿಗೆ ಇಷ್ಟವಾದ ಎರಡು ವಾದ್ಯ. ವಾದ್ಯಗಳಿಗೆ ಇಂಟರ್‌ನೆಟ್ಟಿನ ಚಿತ್ರ ಬೇಡ. ನಿಮ್ಮ ಕೋಣೆಯಲ್ಲೇ ಇರುವ ಡೋಲಕ್ಕನ್ನು ಬಣ್ಣವಿಲ್ಲದ ಬಟ್ಟೆಯ ಮೇಲಿಟ್ಟು, ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಿರಿ. ಫೋಟೊದಲ್ಲಿ ಕೈ, ಕುರ್ಚಿ, ಗೋಡೆಯ ಕ್ಯಾಲೆಂಡರ್ ಬಂದರೆ ಕೆಲವು ಮಕ್ಕಳು ಅದನ್ನೇ ನೋಡುತ್ತಾರೆ, ಡೋಲಕ್ಕನ್ನಲ್ಲ. ‘ಸಾಕು’, ‘ಇನ್ನೂ’ ಇಂಥವಕ್ಕೆ ಫೋಟೊ ಸಿಗುವುದಿಲ್ಲ; ಸ್ಪೇನಿನ ಅರಗಾನ್ ಪ್ರಾಂತ್ಯದ ಸರ್ಕಾರ ನಡೆಸುವ ಅರಾಸಾಕ್ ಜಾಲತಾಣದ ಚಿತ್ರಗಳನ್ನು ವ್ಯಾಪಾರಕ್ಕಲ್ಲದ ಕೆಲಸಕ್ಕೆ ಪುಕ್ಕಟೆ ಬಳಸಬಹುದು, ಮೂಲ ಹೇಳಬೇಕು.

ಅಳತೆ 7.5 ಸೆಂ.ಮೀ. ಚೌಕ. ಒಂದು ಎ4 ಹಾಳೆಯಲ್ಲಿ ಆರೂ ಕೂರುತ್ತವೆ. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಪದ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲನ್ನು ಹಾಗೇ ಝೆರಾಕ್ಸ್ ಅಂಗಡಿಗೆ ಒಯ್ದರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಪಿಡಿಎಫ್ ಮಾಡಿಕೊಂಡು ಹೋಗಿ.

ಲ್ಯಾಮಿನೇಷನ್ನಿನಲ್ಲಿ ಬಹಳ ಜನ ಎಡವುವುದು ಕ್ರಮದಲ್ಲಿ. ಮೊದಲು ಕಾರ್ಡು ಕತ್ತರಿಸಿ, ಆಮೇಲೆ 125 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೌಚಿನಲ್ಲಿ ಒಂದೊಂದರ ನಡುವೆ 1 ಸೆಂ.ಮೀ. ಬಿಟ್ಟು ಜೋಡಿಸಿ, ಪೌಚಿನ ಮುಚ್ಚಿದ ಬದಿಯನ್ನು ಮೊದಲು ಯಂತ್ರಕ್ಕೆ ಕೊಡಿ. ಹೊರಬಂದ ಮೇಲೆ ಸುತ್ತಲೂ 5 ಮಿ.ಮೀ. ಪ್ಲಾಸ್ಟಿಕ್ ಅಂಚು ಉಳಿಯುವಂತೆ ಕತ್ತರಿಸಿ, ಮೂಲೆ ದುಂಡಗೆ ಮಾಡಿ. ಇಡೀ ಹಾಳೆ ಲ್ಯಾಮಿನೇಟ್ ಮಾಡಿಸಿ ಆಮೇಲೆ ಕತ್ತರಿಸಿದರೆ ಕಾಗದದ ಅಂಚು ಬಯಲಾಗಿ, ಜೊಲ್ಲು, ಬೆವರು ಒಳಗಿಳಿದು ಪದರ ಬಿಡುತ್ತದೆ. ಹೊಳಪಿನ ಪೌಚಿಗಿಂತ ಮ್ಯಾಟ್ ಪೌಚ್ ಒಳ್ಳೆಯದು. ಟ್ಯೂಬ್‌ಲೈಟ್ ಕೆಳಗೆ ಹೊಳಪಿನ ಕಾರ್ಡಿನಲ್ಲಿ ಮಗುವಿಗೆ ಕಾಣುವುದು ಬೆಳಕಿನ ಪಟ್ಟಿ ಮಾತ್ರ.

ಇನ್ನು ಕಲಿಸುವ ಬಗೆ. 1985ರಲ್ಲಿ ಅಮೆರಿಕದ ಬಾಂಡಿ ಮತ್ತು ಫ್ರಾಸ್ಟ್ ರೂಪಿಸಿದ, ಚಿತ್ರ ಕೊಟ್ಟು ಬೇಕಾದ್ದನ್ನು ಕೇಳಲು ಕಲಿಸುವ ‘ಪೆಕ್ಸ್’ ಪದ್ಧತಿಯ ಮೊದಲ ಹಂತಕ್ಕೆ ಇಬ್ಬರು ದೊಡ್ಡವರು ಬೇಕು. ಒಬ್ಬರು ಎದುರಿಗೆ ಡೋಲಕ್ ಹಿಡಿದು ಕೂರುತ್ತಾರೆ. ಮಗು ಡೋಲಕ್ಕಿಗೆ ಕೈ ಚಾಚಿದಾಗ ಹಿಂದೆ ಕೂತವರು ಮಾತಾಡದೆ ಆ ಕೈಯನ್ನು ಕಾರ್ಡಿನತ್ತ ತಂದು, ಎತ್ತಿಸಿ, ಎದುರಿನವರ ಅಂಗೈಗೆ ಇಡಿಸುತ್ತಾರೆ. ಕಾರ್ಡು ಅಂಗೈ ಮುಟ್ಟಿದೊಡನೆ ಎದುರಿನವರು ‘ಡೋಲಕ್!’ ಎಂದು ಹೆಸರು ಹೇಳಿ ಬಾರಿಸಬೇಕು. “ಏನು ಬೇಕು ಪುಟ್ಟಾ?” ಎಂದು ಕೇಳಬೇಡಿ. ಹಾಗೆ ಕೇಳುತ್ತಿದ್ದರೆ, ಕೇಳಿದಾಗ ಮಾತ್ರ ಕಾರ್ಡು ಕೊಡುವುದನ್ನು ಮಗು ಕಲಿಯುತ್ತದೆ. ಹಿಂದಿನವರು ದಿನದಿಂದ ದಿನಕ್ಕೆ ಕೈ ಹಿಂದೆಗೆದುಕೊಳ್ಳುತ್ತಾ ಬರಬೇಕು.

ಗೊತ್ತಿರುವ ಹಾಡಿನ ಕೊನೆಯ ಪದಕ್ಕೆ ಮುಂಚೆ ನಿಲ್ಲಿಸಿ, ‘ಇನ್ನೂ ಬೇಕು’ ಕಾರ್ಡು ಕೈಗೆಟುಕುವಂತಿಟ್ಟು ಸುಮ್ಮನೆ ಹತ್ತು ಎಣಿಸಿ. ಆ ಮೌನ ತಡೆದುಕೊಳ್ಳುವುದು ದೊಡ್ಡವರಿಗೇ ಕಷ್ಟ, ಆದರೂ ಬಾಯಿ ಹಾಕಬೇಡಿ.

ಪ್ರಶ್ನೆ: ಬೇಸಿಗೆ ಬಂತೆಂದರೆ ಕಾರ್ಡು ಅಂಟಿಸಿಡುವ ಬೋರ್ಡಿನ ಮೇಲಿನ ವೆಲ್ಕ್ರೊ ಅಂಟು ಸಮೇತ ಜಾರಿ ಕೈಗೆ ಬರುತ್ತದೆ. ಏನು ಮಾಡುವುದು? (ಓದುಗರು, ರಾಯಚೂರು)

ಉತ್ತರ: ನಿಮ್ಮೂರಿನ ಏಪ್ರಿಲ್, ಮೇ ಬಿಸಿಲಿಗೆ ಅಂಟು ಮೆತ್ತಗಾಗುತ್ತದೆ. ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆ ಬಿಟ್ಟು ದಪ್ಪ ಕ್ಯಾನ್ವಾಸ್ ಇಲ್ಲವೇ ಹಳೆಯ ಜೀನ್ಸ್ ಬಟ್ಟೆ ಬಳಸಿ. ಅಂಟಿಲ್ಲದ ವೆಲ್ಕ್ರೊ ಪಟ್ಟಿ ತಂದು ಟೇಲರ್ ಹತ್ತಿರ ನಾಲ್ಕೂ ಅಂಚಿಗೆ ಹೊಲಿಗೆ ಹಾಕಿಸಿ. ಬೋರ್ಡಿಗೆ ಒರಟು ಬದಿ, ಕಾರ್ಡಿಗೆ ಮೆತ್ತನೆ ಬದಿ. ಆಗ ಮಗುವಿನ ಬೆರಳಿಗೆ ಚುಚ್ಚುವುದಿಲ್ಲ. ಶಾಲೆಯಲ್ಲಿ ಎಲ್ಲರೂ ಇದೇ ನಿಯಮ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಬ್ಬರ ಕಾರ್ಡು ಇನ್ನೊಬ್ಬರ ಬೋರ್ಡಿಗೆ ಕೂರದು. ಕಾರ್ಡಿನ ಹಿಂಬದಿಯನ್ನು ಮರಳು ಕಾಗದದಿಂದ ಸ್ವಲ್ಪ ಉಜ್ಜಿ, ಒರೆಸಿ, ಅಂಟಿರುವ ವೆಲ್ಕ್ರೊ ಒತ್ತಿ, 24 ಗಂಟೆ ಮುಟ್ಟದೆ ಬಿಡಿ. ಸ್ಟೇಪ್ಲರ್ ಪಿನ್ನು ಮಾತ್ರ ಬೇಡ.

ಪ್ರಶ್ನೆ: ನನ್ನ ಮಗಳು ಕಾರ್ಡನ್ನು ನೋಡುವುದೇ ಇಲ್ಲ, ಬಾಯಿಗೆ ಹಾಕಿ ಕಚ್ಚುತ್ತಾಳೆ. ಗೆಜ್ಜೆ ಸದ್ದು ಅಂದರೆ ಪ್ರಾಣ. (ತಾಯಿ, ಗಂಗಾವತಿ)

ಉತ್ತರ: ಅವಳಿಗೆ ಚಿತ್ರ ಇನ್ನೂ ಬೇಗವಾಯಿತು ತಾಯಿ. ವಸ್ತುವನ್ನೇ ಕಾರ್ಡು ಮಾಡಿ. ಅಂಗೈ ಅಗಲದ ದಪ್ಪ ಬಟ್ಟೆಯ ಚೀಲದೊಳಗೆ ನಾಲ್ಕೈದು ಗೆಜ್ಜೆ ಹಾಕಿ ಎರಡು ಸುತ್ತು ಹೊಲಿಗೆ ಹಾಕಿ. ಪ್ರತಿ ಸಲ ಗೆಜ್ಜೆ ಹಾಡು ಶುರುವಾಗುವ ಮುಂಚೆ ಅದನ್ನು ಅವಳ ಕೈಗಿಟ್ಟು, ಒಮ್ಮೆ ಅಲುಗಿಸಿ, ಕೂಡಲೇ ಹಾಡಿ. ಬಿಡಿ ಗೆಜ್ಜೆ ಕೊಡಲೇಬೇಡಿ: 3 ಸೆಂ.ಮೀ.ಗಿಂತ ಸಣ್ಣದು ಗಂಟಲಿಗೆ ಸಿಕ್ಕಿಕೊಳ್ಳಬಹುದು. ವಾರಕ್ಕೊಮ್ಮೆ ಹೊಲಿಗೆ ಎಳೆದು ನೋಡಿ. ಹತ್ತಿರದ ಕಿನ್ನಾಳದ ಬಣ್ಣದ ಗೊಂಬೆಗಳು ಈ ಕೆಲಸಕ್ಕೆ ಮನಸ್ಸು ಸೆಳೆಯುತ್ತವೆ, ಆದರೆ ಕಚ್ಚುವ ಮಗುವಿಗೆ ಬಣ್ಣ ಬಳಿದ ಮರ ಬೇಡ. ಚೀಲ ಕೊಟ್ಟಾಗ ಅವಳು ತಾನಾಗಿ ಗೆಜ್ಜೆಯತ್ತ ತಿರುಗತೊಡಗಿದ ಮೇಲೆ, ಚೀಲದ ಮೇಲೆ ಗೆಜ್ಜೆಯ ಫೋಟೊ ಹೊಲಿಯಿರಿ.

ಪ್ರಶ್ನೆ: ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕಾರ್ಡಿನಲ್ಲಿ ಯಾವುದು? (ಬಳ್ಳಾರಿ)

ಉತ್ತರ: ಮಗು ನೋಡುವುದು ಚಿತ್ರ. ಅಕ್ಷರ ಇರುವುದು ದೊಡ್ಡವರೆಲ್ಲ ಒಂದೇ ಪದ ಆಡಲಿ ಎಂದು. ಮುಂದೆ ಕನ್ನಡ, ಹಿಂದೆ ಮನೆಮಾತು ಬರೆಯಿರಿ. ಉರ್ದು ಮನೆಗೂ ಇದೇ.

ಪ್ರಶ್ನೆ: ತಂದೆಯವರಿಗೆ ಪಾರ್ಶ್ವವಾಯು ಆಗಿ ಮಾತು ಹೋಗಿದೆ, ಆದರೆ ದಾಸರ ಪದ ಹಾಡುತ್ತಾರೆ. ಅವರಿಗೂ ಕಾರ್ಡು ಮಾಡಬಹುದೇ? (ಸಂಡೂರು)

ಉತ್ತರ: ಖಂಡಿತ. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ನಿಂತವರಲ್ಲಿ ಹಾಡು ಉಳಿಯುವುದುಂಟು. ಹಾಗೆಂದು ಹಾಡಿಸಿದಷ್ಟಕ್ಕೇ ಮಾತು ಮರಳುವುದಿಲ್ಲ. ಎಡಗೈ ತಟ್ಟುತ್ತಾ ದಿನಬಳಕೆಯ ಮಾತನ್ನು ರಾಗದಲ್ಲಿ ಹೇಳಿಸುವ ಚಿಕಿತ್ಸೆ 1970ರ ದಶಕದಿಂದ ಇದೆ, ಅದನ್ನು ಮಾತಿನ ಚಿಕಿತ್ಸಕರ ಜೊತೆ ಮಾಡಿ. ಕಾರ್ಡಿನಲ್ಲಿ ಮಕ್ಕಳ ಕಾರ್ಟೂನ್ ಹಾಕಬೇಡಿ, ಹಿರಿಯರಿಗೆ ನೋವಾಗುತ್ತದೆ. ಅವರ ತಂಬೂರಿ, ಭಜನೆ ಮಾಡುವ ಗುಡಿ, ಕಟ್ಟೆಯ ಗೆಳೆಯರ ಫೋಟೊ 10 ಸೆಂ.ಮೀ. ಅಗಲಕ್ಕೆ ಹಾಕಿ. ಒಮ್ಮೆಗೆ ಎರಡೇ ತೋರಿಸಿ, ಜೊತೆಗೆ ‘ಹೌದು’, ‘ಬೇಡ’. ಎಡ ಮಿದುಳಿನ ಪೆಟ್ಟಿನಲ್ಲಿ ಬಲಗಡೆಯ ನೋಟ ಕುಂದಿರಬಹುದು. ಬಲಗಡೆಯ ಕಾರ್ಡನ್ನು ಅವರು ಯಾವತ್ತೂ ಮುಟ್ಟದಿದ್ದರೆ, ಬೇಡವೆಂದು ತಿಳಿಯುವ ಮುಂಚೆ ಎರಡನ್ನೂ ಎಡಕ್ಕೆ, ಒಂದರ ಕೆಳಗೊಂದು ಇಟ್ಟು ನೋಡಿ.