ಅಪ್ಪ ‘ನೋಡೋಣ’ ಅಂದರು, ಮಗಳು ‘ಗ್ಯಾಸ್‌ಲೈಟಿಂಗ್’ ಅಂದಳು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯೋದಕ್ಕೆ ಮೂವರ ಒಪ್ಪಿಗೆಯೂ ಇದೆ.)

ಅಪ್ಪನಿಗೆ 54, ಮಗಳಿಗೆ 20. ಇಬ್ಬರನ್ನೂ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದವರು ಅಮ್ಮ. "ಹನ್ನೊಂದು ದಿನದಿಂದ ಮಾತಿಲ್ಲ ಮೇಡಂ. ಎಲ್ಲಾನೂ ನನ್ನ ಕೈಲೇ ಹೇಳಿಸ್ತಾರೆ. ನಾನೇನು ಪೋಸ್ಟ್‌ಮ್ಯಾನಾ?" ಅಂತಲೇ ಶುರು ಮಾಡಿದರು.

ಜಗಳ ಹತ್ತಿಕೊಂಡಿದ್ದು ಒಂದು ಪದದಿಂದ. ಮಗಳು ಅಪ್ಪನಿಗೆ "ನೀವು ನನ್ನ ಗ್ಯಾಸ್‌ಲೈಟ್ ಮಾಡ್ತಿದ್ದೀರ" ಅಂದಿದ್ದಳು. ಅಪ್ಪನಿಗೆ ಆ ಪದ ಗೊತ್ತಿರಲಿಲ್ಲ. ರಾತ್ರಿ ಒಬ್ಬರೇ ಕೂತು ಮೊಬೈಲಲ್ಲಿ ಹುಡುಕಿದ್ದಾರೆ. ಎದುರಿನವರಿಗೆ ತಮ್ಮ ತಲೆಯೇ ಕೆಟ್ಟಿದೆಯೇನೋ ಅನ್ನಿಸುವ ಹಾಗೆ ಬೇಕಂತಲೇ ಆಟ ಆಡಿಸೋದು ಅಂತ ಅರ್ಥ ಸಿಕ್ಕಿದೆ. "ಇಪ್ಪತ್ತು ವರ್ಷ ಸಾಕಿದ ಮಗಳ ಬಾಯಲ್ಲಿ ಇಂಥ ಮಾತು" ಅಂತ ಹೇಳುವಾಗ ಅವರ ಗಂಟಲು ಕಟ್ಟಿತ್ತು. ಮಗಳು ಗಾಬರಿಯಾದಳು. "ಅಯ್ಯೋ, ನಾನು ಅಷ್ಟೆಲ್ಲ ಯೋಚನೆ ಮಾಡಿ ಹೇಳಿಲ್ಲ. ನಮ್ಮ ಫ್ರೆಂಡ್ಸ್ ಎಲ್ಲ ಸುಮ್ನೆ ಹಂಗೇ ಅಂತಾರೆ."

ಈ ಪದ ಹುಟ್ಟಿದ್ದು 1938ರ ಒಂದು ಇಂಗ್ಲಿಷ್ ನಾಟಕದಿಂದ. ಗಂಡನ ಕಳ್ಳ ಕೆಲಸದಿಂದಾಗಿ ಮನೆಯ ಗ್ಯಾಸ್ ದೀಪ ಮಂಕಾಗುತ್ತಿರುತ್ತದೆ, ಅವನು ಮಾತ್ರ ಹೆಂಡತಿಗೆ ತಲೆ ಸರಿ ಇಲ್ಲ ಅಂತ ಅವಳನ್ನೇ ನಂಬಿಸುತ್ತಾ ಹೋಗುತ್ತಾನೆ. ತುಂಬಾ ಕ್ರೂರ ವಿಷಯ. 2022ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ಇದನ್ನು ವರ್ಷದ ಪದ ಅಂತ ಆರಿಸಿದರು, ಅಷ್ಟು ಜನ ಅದರ ಅರ್ಥ ಹುಡುಕಿದ್ದರು. ಈಗ ಮರೆತವನಿಗೂ ಅದೇ ಪದ, ಸುಳ್ಳು ಹೇಳಿದವನಿಗೂ ಅದೇ, ನನ್ನ ಮಾತು ಒಪ್ಪದವನಿಗೂ ಅದೇ. ಟಾಕ್ಸಿಕ್, ಟ್ರಿಗರ್, ಟ್ರಾಮಾ ಕಥೆಯೂ ಇಷ್ಟೇ. ಇದರಲ್ಲಿ ನಮ್ಮ ಕಸುಬಿನವರ ಪಾಲು ಕಡಿಮೆಯೇನಿಲ್ಲ.

ಅದಕ್ಕೆ ಸಾಕ್ಷಿ ನಾನೇ. ಮೊದಲ ದಿನ ದೊಡ್ಡ ಜಾಣೆಯ ಹಾಗೆ "ನಿಮ್ಮಿಬ್ಬರ ನಡುವೆ ಹೆಲ್ದಿ ಬೌಂಡರಿ ಬೇಕು" ಅಂದುಬಿಟ್ಟೆ. ಅಪ್ಪ ನನ್ನ ಮುಖ ನೋಡಿದರು. "ಮನೆ ಒಳಗೆ ಬೇಲಿ ಹಾಕ್ಕೋ ಅಂತೀರಾ ಮೇಡಂ?" ನಾನು ಹೇಳಬೇಕಿದ್ದದ್ದು ಇಷ್ಟೇ: ಅವಳ ಕೋಣೆಗೆ ಹೋಗೋ ಮುಂಚೆ ಬಾಗಿಲು ತಟ್ಟಿ. ಅಷ್ಟು ಸಣ್ಣ ಮಾತಿಗೆ ಅಷ್ಟು ಭಾರದ ಪದ ಯಾಕೆ ಬೇಕಿತ್ತು ನನಗೆ?

ಎರಡನೇ ಸಲ ಬಂದಾಗ ಮಗಳಿಗೆ, ಆ ಪದ ಪಕ್ಕಕ್ಕಿಡು, ಆವತ್ತು ಏನಾಯ್ತು ಅಷ್ಟು ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಕಾಲೇಜಲ್ಲಿ ನಾಟಕ ಇತ್ತು, ಅವಳಿಗೆ ಸಣ್ಣ ಪಾತ್ರ. ಅಪ್ಪನಿಗೆ ಅಂತ ಮುಂದಿನ ಸಾಲಲ್ಲಿ ಒಂದು ಕುರ್ಚಿಗೆ ತನ್ನ ಬ್ಯಾಗ್ ಇಟ್ಟು ಜಾಗ ಹಿಡಿದಿದ್ದಳು. "ಪರದೆ ಸಂದಿಯಿಂದ ನೋಡಿದಾಗಲೆಲ್ಲ ಬ್ಯಾಗೇ ಕೂತಿತ್ತು" ಅಂದಳು. ಅಪ್ಪ ತಲೆ ತಗ್ಗಿಸಿದರು. ಈ ಬ್ಯಾಗಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

"ಬರ್ತೀನಿ ಅಂದಿದ್ರಾ?"

"ನೋಡೋಣ ಅಂದಿದ್ರು."

"ನಾನೂ ಅದನ್ನೇ ಹೇಳ್ತಿರೋದು ಮೇಡಂ, ಬರ್ತೀನಿ ಅಂದೇ ಇಲ್ಲ!"

ಸಿಕ್ಕಿತಲ್ಲ ಅನ್ನಿಸಿತು ನನಗೆ. ಎಲ್ಲರೂ ಆ ಇಂಗ್ಲಿಷ್ ಪದ ಹಿಡಿದು ಜಗ್ಗಾಡುತ್ತಿದ್ದರೆ, ಎಡವಟ್ಟು ಮಾಡಿದ್ದು ನಮ್ಮ ಅಚ್ಚಕನ್ನಡದ ‘ನೋಡೋಣ’. ಅಪ್ಪನ ಕೆಲಸ ಲೆಕ್ಕಪತ್ರದ್ದು. ಆಫೀಸಲ್ಲಿ ಅವರು ನೋಡೋಣ ಅಂದರೆ ‘ಆಗಲ್ಲ, ಮುಖಕ್ಕೆ ಹೊಡೆದ ಹಾಗೆ ಹೇಳೋಕೆ ಮನಸ್ಸಿಲ್ಲ’ ಅಂತ. ಫೈಲು ಅಡಿಗೆ ಹೋಗುತ್ತದೆ. ಆದರೆ ಮಗಳು ಚಿಕ್ಕವಳಿದ್ದಾಗ ಏನು ಕೇಳಿದರೂ ಇದೇ ಅಪ್ಪ ನೋಡೋಣ ಅಂತಿದ್ದರು, ನಾಲ್ಕು ದಿನ ಬಿಟ್ಟು ಅದು ಮನೆಗೆ ಬರುತ್ತಿತ್ತು. ಅವಳ ಕಿವಿಯಲ್ಲಿ ನೋಡೋಣ ಅಂದರೆ ‘ಹೂಂ’. ಎರಡು ಅರ್ಥವೂ ಅವರದೇ, ಅವಳಿಗೆ ಗೊತ್ತಿದ್ದದ್ದು ಒಂದು ಮಾತ್ರ.

ಅಪ್ಪನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. "ನಾನು ಹೇಳಿದ ದನಿಯಲ್ಲೇ ಗೊತ್ತಾಗ್ಬೇಕಿತ್ತು" ಅಂದರು. ಆಗ ಒಂದು ಆಟ ಆಡಿಸಿದೆ. ಎಲ್ಲರಿಗೂ ಗೊತ್ತಿರೋ ಒಂದು ಹಾಡು ಮನಸ್ಸಲ್ಲಿ ಹಾಡಿಕೊಳ್ಳಿ, ತಾಳ ಮಾತ್ರ ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ಅಂದೆ. ಅವರು ಕಣ್ಣು ಮುಚ್ಚಿ ಖುಷಿಯಾಗಿ ತಟ್ಟಿದರು. ಮಗಳಿಗೆ ಕೇಳಿಸಿದ್ದು ಬರೀ ಟಕಟಕ. ಮೂರು ಸಲ ತಪ್ಪು ಹೇಳಿದಳು. "ಇಷ್ಟು ಸುಲಭದ್ದು ಗೊತ್ತಾಗ್ಲಿಲ್ವಾ!" ಅಂತ ಅಪ್ಪನಿಗೆ ಆಶ್ಚರ್ಯ. ಇದು ನನ್ನ ಐಡಿಯಾ ಅಲ್ಲ. 1990ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವವರು ಪಿಎಚ್‌ಡಿಗೆ ಮಾಡಿದ ಪ್ರಯೋಗ. ಅರ್ಧದಷ್ಟನ್ನಾದರೂ ಗುರುತು ಹಿಡೀತಾರೆ ಅಂತ ತಟ್ಟಿದವರು ಅಂದುಕೊಂಡಿದ್ದರು. 120 ಸಲ ತಟ್ಟಿದ್ದರಲ್ಲಿ ಗುರುತು ಸಿಕ್ಕಿದ್ದು 3 ಸಲ. ತಟ್ಟುವವರ ತಲೆಯಲ್ಲಿ ಪೂರ್ತಿ ಹಾಡು ಓಡುತ್ತಿರುತ್ತದೆ, ಅಲ್ವಾ.

ಇನ್ನೊಂದು ಗಾಯ ಮೆಸೇಜಿನದು. ಯಾಕೆ ಬರಲಿಲ್ಲ ಅಂತ ಕೇಳಿದ್ದಕ್ಕೆ ಅಪ್ಪ ಕಳಿಸಿದ್ದು, "ದಿನಾಂಕವನ್ನು ಮತ್ತೊಮ್ಮೆ ನನ್ನ ಗಮನಕ್ಕೆ ತಂದಿರಲಿಲ್ಲ." ಮಗಳು ಸಿಟ್ಟಲ್ಲಿ ಏನೇನೋ ಬರೆದಳು. ಅದಕ್ಕೆ ಉತ್ತರ, "ಸರಿ." ಮುಂದೆ ಒಂದು ಚುಕ್ಕಿ. ಅವರಿಗೆ ಅದು ಬರವಣಿಗೆಯ ಶಿಸ್ತು, ಅವಳಿಗೆ ಬಾಗಿಲು ಹಾಕಿಕೊಂಡ ಸದ್ದು. ಅವಳದು ಅತಿಯಾಯಿತು ಅಂತ ನಗಬೇಡಿ. ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಇಂಗ್ಲಿಷ್ ಮೆಸೇಜುಗಳನ್ನು ಇಟ್ಟುಕೊಂಡು ಇದನ್ನೇ ನೋಡಿದ್ದರು. ಒಂದು ಪದದ ಉತ್ತರದ ಕೊನೆಗೆ ಚುಕ್ಕಿ ಇದ್ದರೆ ವಿದ್ಯಾರ್ಥಿಗಳಿಗೆ ಅದು ಅಷ್ಟು ಮನಸ್ಸಿಟ್ಟು ಹೇಳಿದ ಹಾಗೆ ಕಾಣಲಿಲ್ಲ. ಅದೇ ಉತ್ತರ ಕೈಬರಹದಲ್ಲಿದ್ದಾಗ ಅಂಥ ವ್ಯತ್ಯಾಸ ಇರಲಿಲ್ಲ.

ನಾನು ಕೊಟ್ಟ ಸಲಹೆ ಜಾಸ್ತಿ ಏನಿಲ್ಲ. ಮಗಳಿಗೆ ಹೇಳಿದ್ದು: ಹಣೆಪಟ್ಟಿ ಹಚ್ಚೋ ಮುಂಚೆ ನಡೆದದ್ದು ಹೇಳು. ‘ಗ್ಯಾಸ್‌ಲೈಟ್ ಮಾಡ್ತಿದ್ದೀರ’ ಅಂದರೆ ಅಪ್ಪ ತಾನು ಅಂಥವನಲ್ಲ ಅಂತ ವಾದಕ್ಕೆ ಇಳಿಯುತ್ತಾರೆ, ‘ನಿಮಗೆ ಕುರ್ಚಿ ಹಿಡಿದಿದ್ದೆ, ನೀವು ಬರಲಿಲ್ಲ’ ಅಂದರೆ ವಾದಕ್ಕೆ ಜಾಗವೇ ಇರಲ್ಲ. ಹಾಗಂತ ಆ ಪದವನ್ನೇ ಬಿಟ್ಟುಬಿಡು ಅನ್ನಲಿಲ್ಲ. ಯಾರಾದರೂ ಪದೇ ಪದೇ, ಗೊತ್ತಿದ್ದೂ, ನಡೆದದ್ದನ್ನು ನಡೆದೇ ಇಲ್ಲ ಅಂತ ಸಾಧಿಸಿ ನಿನ್ನ ನೆನಪನ್ನೇ ನೀನು ನಂಬದ ಹಾಗೆ ಮಾಡಿದರೆ ಆಗ ಅದೇ ಪದ ಬೇಕು, ಧೈರ್ಯವಾಗಿ ಹೇಳಬೇಕು. ಅದಕ್ಕೇ ಅದನ್ನ ಸಣ್ಣಪುಟ್ಟದ್ದಕ್ಕೆ ಸವೆಸಬೇಡ ಅಂದೆ.

ಅಪ್ಪನಿಗೆ: ನೋಡೋಣ ಅನ್ನೋದನ್ನ ಮನೆಯಲ್ಲಿ ಸದ್ಯಕ್ಕೆ ಬಿಡಿ. ಬರ್ತೀನಿ, ಬರಲ್ಲ, ಇಲ್ಲಾ ನಾಳೆ ಸಂಜೆ ಹೇಳ್ತೀನಿ. ಮಗಳ ಸ್ಲ್ಯಾಂಗ್ ಅರ್ಥ ಆಗದಿದ್ದರೆ ಮೊಬೈಲನ್ನ ಕೇಳಬೇಡಿ, ಅವಳನ್ನೇ ‘ಹಂಗಂದ್ರೆ ಏನಮ್ಮ’ ಅಂತ ಕೇಳಿ. ಕಲಿತು ನೀವೂ ಆಡೋಕೆ ಮಾತ್ರ ಹೋಗಬೇಡಿ. (ಒಂದು ಸಲ ಅವಳಿಗೆ ‘ಬ್ರೋ’ ಅಂದಿದ್ದರಂತೆ. ಅಮ್ಮನಿಗೆ ಇವತ್ತಿಗೂ ನಗು ತಡೆಯೋಕಾಗಲ್ಲ.) ಇಬ್ಬರಿಗೂ ಹೇಳಿದ್ದು ಒಂದೇ: ಸಿಟ್ಟು ಬಂದಾಗ ಉತ್ತರ ಕೊಡೋ ಮುಂಚೆ ‘ನೀನು ಹೇಳಿದ್ದು ನನಗೆ ಹೀಗೆ ಕೇಳಿಸ್ತು, ಹೌದಾ?’ ಅಂತ ಒಂದು ಸಲ ಕೇಳಿ. ಮೊದಮೊದಲು ನಾಟಕದ ಹಾಗೆ ಅನ್ನಿಸುತ್ತದೆ, ಅನ್ನಿಸಲಿ.

ಹೊರಡುವಾಗ ಅಮ್ಮ ಒಂದು ಮಾತು ಹೇಳಿದರು. ಮಗಳು ಚಿಕ್ಕಂದಿನಿಂದ ಅಪ್ಪನನ್ನು ‘ನೀನು’ ಅಂತಲೇ ಕರೆದವಳು. ‘ನೀವು’ ಶುರುವಾಗಿದ್ದು ಆ ಜಗಳದ ದಿನ. ಅಪ್ಪ ನಿಧಾನಕ್ಕೆ ಹೇಳಿದರು, "ಆ ಇಂಗ್ಲಿಷ್ ಪದ ನನಗೆ ರಾತ್ರಿ ಅರ್ಥ ಆಯ್ತು ಮೇಡಂ. ಆ ‘ನೀವು’ ಆಗ್ಲೇ ಅರ್ಥ ಆಗಿತ್ತು." ಎರಡು ದಿನ ಎದುರಲ್ಲೇ ಕೂತಿದ್ದ ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ.

ತಿಂಗಳಾದ ಮೇಲೆ ಮತ್ತೆ ಬಂದರು. ಜಗಳ ನಿಂತಿಲ್ಲ. ಮಗಳು ಗೆಳತಿಯರ ಜೊತೆ ಟ್ರಿಪ್‌ಗೆ ಹೋಗ್ತೀನಿ ಅಂದಾಗ ಅಪ್ಪನ ಬಾಯಲ್ಲಿ ‘ನೋ...’ ಅಂತ ಬಂದು ನಿಂತು, ‘ಆಗಲ್ಲ’ ಅಂತ ಹೊರಬಿತ್ತಂತೆ. ಅವಳು ಬಾಗಿಲು ದಬ್ಬಿಕೊಂಡು ಒಳಗೆ ಹೋದಳಂತೆ.

"ಹೋಗ್ತಾ ಏನಂದ್ಲು ಗೊತ್ತಾ ಮೇಡಂ?" ಅಪ್ಪನ ಮುಖದಲ್ಲಿ ನಗು. "ನೀನು ಯಾವಾಗ್ಲೂ ಹಿಂಗೇ ಅಂದ್ಲು."