ಉಡುಪಿ ಬಳಿಯ ಕಟಪಾಡಿಯ ಹತ್ತಿರ ಸಂಜೆ ಒಂದು ಗಂಟೆ ನಡೆಯಲು ಒಳ್ಳೆಯ ಹಳ್ಳಿದಾರಿ ಯಾವುದು? ಮಳೆ ಮುಗಿಯುವವರೆಗೆ ಕಾಯಬೇಕೇ?

ಕಾಯಬೇಡಿ, ಮಟ್ಟುವಿಗೆ ಹೋಗಿ. ಜಾರದಂತಹ ಶೂ ಯಾವುದು ಎಂದೂ ಕೇಳಿದ್ದೀರಿ. ಅದೇ ಪ್ರಶ್ನೆಯನ್ನು ನಾನೊಮ್ಮೆ ಅಂಗಡಿಯವನಿಗೆ ಕೇಳಿದ್ದೆ. ಅವನು ಕೊಟ್ಟ ಉತ್ತರ ಮೋಡ ಕವಿದಾಗಲೆಲ್ಲ ನನ್ನ ಬಲಗೈ ಮಣಿಕಟ್ಟಿನಲ್ಲಿ ನೋಯುತ್ತದೆ.

ನಿಮ್ಮ ಹಾಗೆ ನಾನೂ ಘಟ್ಟದ ಮೇಲಿನಿಂದ ಬಂದವನು. ಹೆದ್ದಾರಿಯ ಸದ್ದು ತಪ್ಪಿಸಿಕೊಳ್ಳಲು ಪಶ್ಚಿಮಕ್ಕೆ ಹೊರಟಾಗ ಸಿಕ್ಕಿದ್ದು ಮಟ್ಟು: ಗದ್ದೆ, ತೆಂಗಿನ ತೋಟ, ಹೊಳೆ, ಅದಕ್ಕೊಂದು ಸೇತುವೆ, ಆಚೆ ಕಡಲು. ಕಟಪಾಡಿಯಿಂದಲೇ ನಡೆದರೆ ನಿಮ್ಮ ಒಂದು ಗಂಟೆ ಸಾಲದು. ಗದ್ದೆಗಳು ಶುರುವಾಗುವಲ್ಲಿ ಸ್ಕೂಟರ್ ನಿಲ್ಲಿಸಿ ಒಳದಾರಿಯಲ್ಲಿ ಸೇತುವೆಯವರೆಗೆ ಹೋಗಿ ಬಂದರೆ ಧಾರಾಳವಾಯಿತು.

ಆ ಒಳದಾರಿಯಲ್ಲೇ ನಾನು ಬಿದ್ದದ್ದು. ಎರಡು ಪಾಗಾರಗಳ (ಕಾಂಪೌಂಡ್ ಗೋಡೆಗಳ) ನಡುವಿನ ಓಣಿ, ಹಾಸಿದ ಕೆಂಪುಕಲ್ಲು, ಮೇಲೆ ಹಲಸಿನ ಮರದ ನೆರಳು. ಮಳೆ ಹಿಡಿದು ಸುರಿದ ದಿನಗಳಲ್ಲೆಲ್ಲ ಅಲ್ಲಿ ಅಂಜುತ್ತಲೇ ಕಾಲಿಟ್ಟು ದಾಟಿದ್ದೆ, ಏನೂ ಆಗಿರಲಿಲ್ಲ. ಬಿದ್ದದ್ದು ಬಿಸಿಲು ಬಂದ ದಿನ. ಬಯಲಿನ ದಾರಿ ಒಣಗಿತ್ತು, ಓಣಿಯೂ ಒಣಗಿರುತ್ತದೆ ಎಂದುಕೊಂಡೆ. ನೆರಳಿನ ಕೆಂಪುಕಲ್ಲು ಅಷ್ಟು ಬೇಗ ಒಣಗುವುದಿಲ್ಲ. ಅದರ ಮೈಯೆಲ್ಲ ತೂತು, ನೀರು ಕುಡಿದು ಒಳಗೇ ಇಟ್ಟುಕೊಂಡಿರುತ್ತದೆ, ಹಾವಸೆಗೆ ಅಷ್ಟೇ ಸಾಕು. ಇನ್ನು ಶೂ. ಅಡಿಯಲ್ಲಿ ಆಳವಾದ ಹಲ್ಲುಗಳಿದ್ದ, ಬೆಲೆಯೂ ಅಷ್ಟೇ ಆಳವಾಗಿದ್ದ ಶೂ. ಆ ಹಲ್ಲು ಕೆಸರಿಗೆ ಕಚ್ಚುತ್ತದೆ, ನಿಜ. ಕಲ್ಲಿಗೆ ಕಚ್ಚುವುದು ಹೇಗೆ? ಕಲ್ಲಿಗೂ ರಬ್ಬರಿಗೂ ನಡುವೆ ಲೋಳೆಯ ಪದರವಿದ್ದರೆ ಹಲ್ಲಿದ್ದೂ ಇಲ್ಲದ ಹಾಗೆಯೇ. ಸಾಲದ್ದಕ್ಕೆ ಇಳಿಜಾರಿನಲ್ಲಿ ಹಿಮ್ಮಡಿ ಮೊದಲು ಊರಿದೆ, ಒಂದು ಕೈಯಲ್ಲಿ ಮಡಿಸಿದ ಕೊಡೆ, ಇನ್ನೊಂದರಲ್ಲಿ ಮೊಬೈಲ್. ಹಿಡಿದುಕೊಳ್ಳಲು ಪಾಗಾರ ಪಕ್ಕದಲ್ಲೇ ಇತ್ತು, ಕೈ ಖಾಲಿ ಇರಲಿಲ್ಲ. ಪ್ಲಾಸ್ಟರ್ ಹಾಕಿಸಿಕೊಂಡು ಕೃಷ್ಣಾಷ್ಟಮಿಯ ಊಟವನ್ನು ಎಡಗೈಯಲ್ಲಿ, ಚಮಚದಲ್ಲಿ ಮಾಡಿದೆ. ಉಡುಪಿಯಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ನನ್ನನ್ನು ಎಬ್ಬಿಸಿ ಕೂರಿಸಿದ ಮನೆಯ ಅಮ್ಮ, ನೀರು ಕೊಡುವ ಮೊದಲೇ ಗದರಿದರು: "ನಡುವಿನಲ್ಲಿ ಯಾಕೆ ನಡೆದದ್ದು ಮಾರಾಯರೇ? ಅಂಚಿನಲ್ಲಿ ಹುಲ್ಲಿಲ್ಲವಾ?" ಅವರ ಅಂಗಳದಲ್ಲಿ ಬಾವಿಯವರೆಗೂ ಅಡಿಕೆ ಸೋಗೆ ಹಾಸಿತ್ತು. ಮಳೆಗಾಲದಲ್ಲಿ ಕಾಲು ಜಾರದಿರಲೆಂದು ಇಲ್ಲಿ ಎಷ್ಟೋ ಮನೆಗಳಲ್ಲಿ ಹಾಸುತ್ತಾರೆ. ನಾನದನ್ನು ಕಸ ಎಂದುಕೊಂಡಿದ್ದೆ.

ಆದ್ದರಿಂದ ಶೂವಿನ ದುಡ್ಡು ಉಳಿಸಿ. ಕಾಲಲ್ಲಿರುವುದು ಏನೇ ಇರಲಿ, ಹುಲ್ಲು ಅಥವಾ ಜಲ್ಲಿ ಇರುವ ಕಡೆ ಪಾದವನ್ನು ಚಪ್ಪಟೆಯಾಗಿ ಊರಿ, ಒಂದು ಕೈ ಖಾಲಿ ಇಟ್ಟುಕೊಳ್ಳಿ. ಹುಲ್ಲಿನಲ್ಲಿ ಕನ್ನಡಿ ಹಾವು, ಅಂದರೆ ಕೊಳಕುಮಂಡಲ, ಇರಬಹುದು ಎಂದು ಯಾರಾದರೂ ಹೆದರಿಸುತ್ತಾರೆ. ಇರಬಹುದು, ಆದ್ದರಿಂದ ಕತ್ತಲಾಗುವ ಮೊದಲೇ ಮರಳಿ. ತಡವಾದರೆ ಟಾರ್ಚ್ ಬೇಕೇ ಬೇಕು.

ಮಳೆ ನಿಲ್ಲಲಿ ಎನ್ನುವ ನಿಮ್ಮ ಲೆಕ್ಕಾಚಾರವನ್ನು ಮಾತ್ರ ಒಪ್ಪಲಾರೆ. ಮಳೆ ನಿಂತ ಮೇಲೆ ಇಲ್ಲಿ ಬರುವುದು ಬೆವರು. ಜುಲೈನಲ್ಲಿ ಹೋದರೆ ನಾಟಿಯಾದ ಗದ್ದೆಗಳು, ಮಣ್ಣುಬಣ್ಣದ ತುಂಬಿದ ಹೊಳೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧ. ಕಡಲಿನಲ್ಲಿ ಕಂಡರೆ ನಾಡದೋಣಿಗಳಷ್ಟೇ. ಸೇತುವೆ ದಾಟಿ ನೋಡುವ ಮನಸ್ಸಾದರೆ ರಸ್ತೆಯಿಂದಲೇ ನೋಡಿ, ಆ ತಿಂಗಳುಗಳಲ್ಲಿ ನೀರಿಗೆ ಇಳಿಯಬೇಡಿ.

ಭತ್ತದ ಕೊಯ್ಲಾದ ಮೇಲೆ ಅದೇ ನೆಲದಲ್ಲಿ ಗುಳ್ಳ ಎಂಬ ಬದನೆ ಬೆಳೆಯುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಮಟ್ಟುಗುಳ್ಳ ಅದೇ. ಬೀಜ ಕೊಟ್ಟವರು ಸೋದೆ ಮಠದ ವಾದಿರಾಜರು ಎಂದು ಊರಿನವರ ನಂಬಿಕೆ. ಆ ಕಾಲಕ್ಕೆ ಹೋಗುವಾಗ ಜೇಬಿನಲ್ಲೊಂದು ಬಟ್ಟೆಚೀಲ ಇರಲಿ. ಕೊಳ್ಳುವಾಗ ಗುಂಡಗೆ, ತಿಳಿಹಸಿರಾಗಿದ್ದು ತೊಟ್ಟಿನಲ್ಲಿ ಮುಳ್ಳಿರುವುದನ್ನು ಆರಿಸಿ, ಹುಳಿ ಮಾಡಿ. ಸಾಂಬಾರ್ ಪುಡಿ ಹಾಕಿ ಕೆಡಿಸಬೇಡಿ, ತೆಂಗಿನಕಾಯಿ ಹುರಿದು ಅರೆಯಿರಿ.