ಟಾಸ್ ಹೊರಗೆ ಬೀಳ್ತಿದ್ರೆ ಕೈಯನ್ನ ಬೈಬೇಡಿ, ಮೊದಲು ಕಾಕ್ ನೋಡಿ

"ಯಾದಗಿರಿಯಲ್ಲಿ ಆರು ತಿಂಗಳಿಂದ ಶಟಲ್ (ಬ್ಯಾಡ್ಮಿಂಟನ್) ಆಡ್ತಿದ್ದೀನಿ, ಅಂಗಡಿಯಲ್ಲಿ ಹಸಿರು, ನೀಲಿ, ಕೆಂಪು ಪಟ್ಟಿಯ ಪ್ಲಾಸ್ಟಿಕ್ ಕಾಕ್ ಇವೆ, 76, 77 ಅಂತ ಬರೆದ ಫೆದರ್ (ಗರಿಯ ಕಾಕ್) ಡಬ್ಬಿಗಳೂ ಇವೆ, ನನ್ನ ಆಟಕ್ಕೆ ಯಾವುದು ಸರಿ?" ಅಂತ ಕೇಳಿದ್ದೀರಿ. ಜೊತೆಗೆ, ಬೇಸಿಗೆ ಶುರುವಾದ ಮೇಲೆ ಟಾಸ್ (ಎತ್ತರಕ್ಕೆ ಎತ್ತಿ ಎದುರಿನವರ ಹಿಂದಕ್ಕೆ ಕಳಿಸೋ ಹೊಡೆತ) ಎಲ್ಲಾ ಹಿಂದಿನ ಗೆರೆ ದಾಟಿ ಬೀಳ್ತಿವೆ ಅಂತಲೂ ಬರೆದಿದ್ದೀರಿ. ಅರ್ಧ ಉತ್ತರ ಆ ಕೊನೆಯ ಮಾತಲ್ಲೇ ಇದೆ.

ಇದೇ ಪಾಡು ನಾನೂ ಪಟ್ಟಿದ್ದೀನಿ. ಒಂದು ಜನವರಿಯಲ್ಲಿ ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ನೀಲಿ ಪಟ್ಟಿಯ ಎರಡು ಡಬ್ಬಿ ತಂದೆ. ಬೆಳಗಿನ ಚಳಿಯಲ್ಲಿ ಸ್ವೆಟರ್ ಹಾಕ್ಕೊಂಡು ಆಡುವಾಗ ಕಾಕ್ ಹೇಳಿದ ಮಾತು ಕೇಳ್ತಿತ್ತು. ಉಳಿದದ್ದನ್ನ ಏಪ್ರಿಲ್ ಸಂಜೆ ತೆಗೆದರೆ ಒಂದೂ ಒಳಗೆ ಬೀಳಲೊಲ್ಲದು. ಜೊತೆಗಾರ, "ಎಲ್ಲಾ ಔಟ್ ಹೊಡೀಲಕತ್ತಿಯಲ್ಲೋ, ಊಟ ಜಾಸ್ತಿ ಆಗ್ಯಾದೇನು?" ಅಂದ. ನಾನೂ ನನ್ನದೇ ತಪ್ಪು ಅಂದ್ಕೊಂಡು ಎರಡು ವಾರ ಮಣಿಕಟ್ಟು ತಿದ್ದೋದರಲ್ಲೇ ಕಳೆದೆ.

ಆಗಿದ್ದು ಇಷ್ಟೇ. ಬಿಸಿ ಗಾಳಿ ತೆಳುವಾಗಿರುತ್ತೆ, ಕಾಕನ್ನ ತಡೆಯೋ ಶಕ್ತಿ ಅದಕ್ಕೆ ಕಡಿಮೆ. ಅದೇ ಹೊಡೆತಕ್ಕೆ ಕಾಕ್ ಇನ್ನೊಂದಿಷ್ಟು ಮುಂದೆ ಹೋಗುತ್ತೆ. ಆ ಬಣ್ಣದ ಪಟ್ಟಿ ಇರೋದೇ ಇದಕ್ಕೆ. ಯೋನೆಕ್ಸ್ ಕಂಪನಿಯ ಮೇವಿಸ್ 350 ಅನ್ನೋ ಪ್ಲಾಸ್ಟಿಕ್ ಕಾಕ್‌ನ ಲೆಕ್ಕದಲ್ಲಿ ಹಸಿರು ಅಂದರೆ ನಿಧಾನ, 22ರಿಂದ 33 ಡಿಗ್ರಿಗೆ. ನೀಲಿ 12ರಿಂದ 23 ಡಿಗ್ರಿಗೆ. ಕೆಂಪು 0ಯಿಂದ 13 ಡಿಗ್ರಿಗೆ. ಅಂದರೆ ಕೆಂಪು ಪಟ್ಟಿ ಕಲಬುರಗಿ, ಯಾದಗಿರಿ, ಬೀದರ್, ಈ ನಮ್ಮ ಮೂರು ಜಿಲ್ಲೆಯಲ್ಲಿ ಯಾರಿಗೂ ಬೇಡ. ಅಂಗಡಿಯವರು ಅದನ್ನ ಯಾಕೆ ತರಿಸ್ತಾರೋ! ಮೇ ತಿಂಗಳ ಸಂಜೆ ತಗಡಿನ ಸೂರಿನ ಹಾಲ್ ಒಳಗೆ 33ಕ್ಕಿಂತ ಹೆಚ್ಚೇ ಇರುತ್ತೆ, ಹಾಗಾಗಿ ಹಸಿರೂ ಸ್ವಲ್ಪ ಓಡುತ್ತೆ. ಬೀದರ್‌ನವರು ನಮ್ಮೂರು ತಂಪು, ನಮಗೆ ನೀಲಿ ನಡೆಯುತ್ತೆ ಅಂತಾರೆ. ಆದರೆ ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳುವಾಗುತ್ತೆ, ತಂಪಿನಿಂದ ಗಳಿಸಿದ್ದು ಅಲ್ಲಿ ಕಳೆದುಹೋಗುತ್ತೆ.

ಫೆದರ್ ಡಬ್ಬಿ ಮೇಲಿನ ನಂಬರ್ ಹಳೆಯ ಗ್ರೇನ್ ತೂಕದ್ದು. 77 ಗ್ರೇನ್ ಅಂದರೆ ಸುಮಾರು 5 ಗ್ರಾಂ. ಒಂದು ನಂಬರ್ ಏರಿದರೆ ಕಾಕ್ ಹತ್ತಿರ ಹತ್ತಿರ ಒಂದು ಅಡಿ ಮುಂದೆ ಬೀಳುತ್ತೆ. ಚಳಿಗಾಲದ ಬೆಳಿಗ್ಗೆಗೆ 77 ನಡೆಯುತ್ತೆ, ಮಳೆಗಾಲಕ್ಕೆ 76 ಸಾಕು, ಬೇಸಿಗೆಗೆ 75 ಸಿಕ್ಕರೆ ಬಿಡಬೇಡಿ.

ನಂಬರ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ, ಒಂದೊಂದು ಕಂಪನಿಯದು ಒಂದೊಂದು ಥರ. ನೀವೇ ಪರೀಕ್ಷೆ ಮಾಡಬಹುದು. ಫ್ಯಾನ್ ಆಫ್ ಮಾಡಿ. ಹಿಂದಿನ ಗೆರೆಯ ಮೇಲೆ ನಿಂತು, ಕಾಕನ್ನ ಕೆಳಗಿನಿಂದ ಪೂರ್ತಿ ಜೋರಾಗಿ ಮೇಲಕ್ಕೆ, ಪಕ್ಕದ ಗೆರೆಗೆ ಸಮಾನಾಂತರವಾಗಿ ಹೊಡೀರಿ. ಆಚೆ ಕಡೆಯ ಹಿಂದಿನ ಗೆರೆಗಿಂತ 53ರಿಂದ 99 ಸೆಂಟಿಮೀಟರ್ ಒಳಗೆ ಬಿದ್ದರೆ ವೇಗ ಸರಿ ಅನ್ನುತ್ತೆ ನಿಯಮ. ಟೇಪ್ ಹಿಡ್ಕೊಂಡು ಹೋಗೋದು ಬೇಡ. ಡಬಲ್ಸ್ ಸರ್ವಿಸ್‌ನ ಹಿಂಬದಿ ಗೆರೆ ಕೋರ್ಟ್‌ನ ಆ ಹಿಂದಿನ ಗೆರೆಯಿಂದ ಸರಿಯಾಗಿ 76 ಸೆಂಟಿಮೀಟರ್ ಒಳಗಿದೆ. ಅದರ ಈಚೆ ಆಚೆ ಒಂದು ಗೇಣು ಜಾಗದಲ್ಲಿ ಬಿದ್ದರೆ ಆಯ್ತು. ನಾಲ್ಕೈದು ಸಲ ಹೊಡೆದು ನೋಡಿ, ಒಂದೇ ಸಲಕ್ಕೆ ತೀರ್ಮಾನ ಮಾಡಬೇಡಿ.

ಇನ್ನು ಪ್ಲಾಸ್ಟಿಕ್ಕೋ ಫೆದರೋ. ಫೆದರ್‌ನಲ್ಲಿ 16 ಗರಿ ಇರುತ್ತೆ, ಮೇಲೆ ಹೋಗಿ ನಿಂತ ಹಾಗೆ ಆಗಿ ನೇರ ಕೆಳಗೆ ಬೀಳುತ್ತೆ. ನೆಟ್ ಹತ್ತಿರ ಮೆಲ್ಲಗೆ ಬೀಳಿಸೋ ಡ್ರಾಪ್‌ನ ಸುಖ ಅದರಲ್ಲೇ. ಪ್ಲಾಸ್ಟಿಕ್ ಹಾಗೆ ಬೀಳಲ್ಲ, ಜಾರಿಕೊಂಡು ಮುಂದೆ ಹೋಗುತ್ತೆ. ಆದರೆ ನಮ್ಮ ನಾಲ್ವರ ಗುಂಪಿಗೆ ಒಂದು ಸಂಜೆಗೆ ಎರಡು ಮೂರು ಫೆದರ್ ಬೇಕು, ಪ್ಲಾಸ್ಟಿಕ್ ಒಂದೇ ವಾರಗಟ್ಟಲೆ ನಡೆಯುತ್ತೆ. ಆರು ತಿಂಗಳ ಆಟಕ್ಕೆ ದಿನಾ ಫೆದರ್ ಬೇಡ ಅಂತ ನನ್ನ ಅಭಿಪ್ರಾಯ. ಹಸಿರು ಪಟ್ಟಿಯಲ್ಲೇ ಆಡಿ. ಎಲ್ಲಾದರೂ ಟೂರ್ನಮೆಂಟ್‌ಗೆ ಹೆಸರು ಕೊಟ್ಟರೆ ಎರಡು ವಾರ ಮೊದಲು ಫೆದರ್‌ಗೆ ಬನ್ನಿ, ಇಲ್ಲದಿದ್ದರೆ ಅಲ್ಲಿ ಪ್ರತಿ ಡ್ರಾಪ್ ನೆಟ್‌ಗೇ ಹೋಗುತ್ತೆ. ಬಯಲಲ್ಲಿ, ಓಣಿಯಲ್ಲಿ ಕಂಬಕ್ಕೆ ನೆಟ್ ಕಟ್ಟಿ ಆಡೋದಾದರೆ ಫೆದರ್ ಮಾತೇ ಬೇಡ, ಗಾಳಿ ಆಡಿಸಿದ ಹಾಗೆ ಅದು ಆಡುತ್ತೆ.

ನಮ್ಮ ಕಡೆ ಫೆದರ್‌ಗೆ ಇನ್ನೊಂದು ಕಾಟ ಇದೆ, ಒಣ ಹವೆ. ಬೇಸಿಗೆಯಲ್ಲಿ ಗರಿ ಹಪ್ಪಳದ ಹಾಗೆ ಆಗಿ, ಮೊದಲ ಸ್ಮ್ಯಾಶ್‌ಗೇ ಎರಡು ಗರಿ ಮುರಿದು ಕೈಗೆ ಬರುತ್ತೆ. ಅದಕ್ಕೆ ನಾನು ಹಿಂದಿನ ರಾತ್ರಿ ಚಹಾದ ಪಾತ್ರೆಯಲ್ಲಿ ನೀರು ಕುದಿಸಿ, ಡಬ್ಬಿಯ ಎರಡೂ ಮುಚ್ಚಳ ತೆಗೆದು, ಗರಿಯ ಬದಿ ಕೆಳಗೆ ಮಾಡಿ ಹತ್ತು ಎಣಿಸೋವಷ್ಟು ಹೊತ್ತು ಹಬೆ ಹಿಡೀತೀನಿ. ಆಮೇಲೆ ಮುಚ್ಚಿ ನೆರಳಲ್ಲಿ ನಿಲ್ಲಿಸ್ತೀನಿ. ಹೆಚ್ಚು ಹೊತ್ತು ಹಿಡಿದರೆ ಕಾಕ್ ಭಾರವಾಗಿ ಮತ್ತೆ ಓಡುತ್ತೆ. ಮನೆಯವಳು ಮೊದಲ ಸಲ ನೋಡಿ, "ಅದಕ್ಕೂ ನೆಗಡಿ ಆಗ್ಯಾದೇನ್ರೀ?" ಅಂದಿದ್ದಳು. ಡಬ್ಬಿಯನ್ನ ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟರೆ ಈ ಶ್ರಮವೆಲ್ಲ ದಂಡ.

ನಾಳೆ ಒಂದು ಹಸಿರು, ಈಗ ಕೈಯಲ್ಲಿರೋ ಕಾಕ್ ಒಂದು, ಎರಡನ್ನೂ ಅದೇ ಗೆರೆಯಿಂದ ಹೊಡೆದು ನೋಡಿ. ಎಲ್ಲೆಲ್ಲಿ ಬಿತ್ತು, ಎಷ್ಟು ಗಂಟೆಗೆ ಆಡಿದ್ರಿ ಅಂತ ಕೆಳಗೆ ಬರೀರಿ.